ಭೀಮನಿಗೆ ಜಾಮೀನು

ಮಾವನ ಜಾಮೀನಿಗೆ ಕೋದಂಡಪ್ಪ ರುಜು ಹಾಕಿದ್ದು ಹೆಂಡತಿ ಹೇಳಿದಳೆಂದು. ಬಂಗಾರಪೇಟೆ ರೈಲ್ವೆ ಸ್ಟೇಷನ್ ಎದುರು ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದ ಅವನಿಗೆ ಟೈರು, ಟ್ಯೂಬುಗಳ ವಿಚಾರ ತಿಳಿದಷ್ಟು ಕಾನೂನು ತಿಳಿಯದು. ಜಾಮೀನೆಂದರೆ ಮದುವೆ ಮನೆಯ ತಾಂಬೂಲದ ಹಾಗೆ ಮರ್ಯಾದೆಯ ವಿಷಯ ಎಂದುಕೊಂಡಿದ್ದ.

ಮಾವನೆಂದರೆ ಹೆಂಡತಿ ಮುನಿರತ್ನಮ್ಮನ ಸೋದರಮಾವ ಚಿಕ್ಕವೆಂಕಟಪ್ಪ. ಬೇತಮಂಗಲದ ಕಡೆಯವನು, ಆನೆಯಂಥ ಆಳು. ಊರ ನಾಟಕದಲ್ಲಿ ಭೀಮನಾಗಿದ್ದವನು ಗದಾಯುದ್ಧದ ಆವೇಶದಲ್ಲಿ ಹತ್ತಿಯ ಗದೆ ಬಿಸಾಡಿ, ಪರದೆ ಸುತ್ತುವ ಬೊಂಬನ್ನೇ ಎತ್ತಿ ದುರ್ಯೋಧನನಿಗೆ ಬಾರಿಸಿಬಿಟ್ಟಿದ್ದ. ದುರ್ಯೋಧನನಾಗಿದ್ದವನು ಊರ ಪಟೇಲ ಮುನಿನಾರಾಯಣಪ್ಪ. ಭುಜದ ಮೂಳೆ ಮುರಿಯಿತು, ಕೇಸಾಯಿತು.

ಆ ಬೆಳಿಗ್ಗೆ ಪಕ್ಕದ ಮನೆಯ ಶ್ರೀರಾಮಪ್ಪ ಸೈಕಲ್ಲಿಗೆ ಗಾಳಿ ಹಾಕಿಸಲು ಬಂದ. ಅವನು ವಕೀಲರೊಬ್ಬರ ಗುಮಾಸ್ತ.

"ಇವತ್ತು ಕೋರ್ಟ್‌ನಾಗೆ ನಿಮ್ಮ ಮಾವನ ವಾಯಿದೆ ಅಲ್ವೇನಪ್ಪಾ? ಬಂದವ್ನಾ?"

"ಬತ್ತಾನೆ ಬಿಡಣ್ಣ. ಬರ್ದಿದ್ರೆ ನಂಗೇನು?"

ಶ್ರೀರಾಮಪ್ಪ ಬಾಯಲ್ಲಿದ್ದ ಎಲೆಅಡಿಕೆಯನ್ನು ಆಚೆ ಹೋಗಿ ಉಗಿದು ಬಂದ. "ನಿಂಗೇನಾ? ಜಾಮೀನು ಅಂದ್ರೆ, ಕರೆದಾಗ ಇವನನ್ನ ತಂದು ನಿಲ್ಲಿಸ್ತೀನಿ ಅಂತ ನೀನು ಕೋರ್ಟಿಗೆ ಬರ್ಕೊಟ್ಟಂಗೆ. ಅವನು ಬರ್ದಿದ್ರೆ ನಿನ್ನ ಸೈಕಲ್‌ಗಳು ಜಪ್ತಿ!"

"ಜಪ್ತಿ ಅಂದ್ರೆ?"

"ಕೋರ್ಟ್‌ನೋರು ಬಂದು ಎಲ್ಲಾ ಎತ್ಕೊಂಡು ಓಗ್ತಾರೆ. ಬರೀ ಪಂಪ್ ಇಟ್ಕೊಂಡು ಕೂತಿರು."

ಕೋದಂಡಪ್ಪನ ಮುಖ ಪಂಕ್ಚರಾದ ಚಕ್ರದ ಹಾಗೆ ಇಳಿದುಹೋಯಿತು. ಒಳಕ್ಕೆ ಓಡಿದ.

"ನಿಮ್ಮ ಮಾವ ಎಲ್ಲೇ?"

ಮುನಿರತ್ನಮ್ಮ ರಾಗಿ ಕೇರುತ್ತಲೇ ಹೇಳಿದಳು: "ಚಾಂಪಿಯನ್ ರೀಫ್ಸ್‌ನಾಗೆ ಪೆರುಮಾಳ್ ಮನೇಲಿ ಬಚ್ಚಿಟ್ಕೊಂಡವ್ನೆ. ಕೋರ್ಟಂದ್ರೆ ಭಯವಂತೆ, ಪಾಪ."

"ಮುಂಚೇನೇ ಯಾಕೇಳ್ಲಿಲ್ಲ?"

"ನೀವೆಲ್ಲಿ ಕೇಳಿದ್ರಿ?"

ಅಂಗಡಿಯಲ್ಲಿದ್ದ ಗಟ್ಟಿಮುಟ್ಟಾದ ಸೈಕಲ್ ಹತ್ತಿ ಕೋದಂಡಪ್ಪ ಚಿನ್ನದ ಗಣಿಯ ಕಡೆ ತುಳಿದ. ಚಾಂಪಿಯನ್ ರೀಫ್ಸ್‌ನ ಕೂಲಿ ಲೈನಿನ ಸಾಲುಮನೆ ಸೇರುವಷ್ಟರಲ್ಲಿ ಅಂಗಿ ಹಿಂಡಿದರೆ ನೀರು ಬರುವಂತಿತ್ತು. ಗಣಿ ಕೆಲಸದ ಪೆರುಮಾಳ್ ಬಾಗಿಲಿಗೆ ಅಡ್ಡ ನಿಂತು ತನ್ನ ತಮಿಳು ಬೆರೆಸಿ, "ಇಲ್ಲೈ ಅಣ್ಣೇ, ಇಲ್ಲೈ! ಇಲ್ಲಿ ಯಾರೂ ಇಲ್ಲ," ಎಂದ. ಒಳಗಿನ ಮಂಚದ ಕೆಳಗಿಂದ ಎರಡು ದೊಡ್ಡ ಪಾದಗಳು ಆಚೆ ಚಾಚಿಕೊಂಡಿದ್ದವು.

ಆ ಪಾದ ಹಿಡಿದು ಎಳೆದು, ಬೈದು, ಕಾಲಿಗೆ ಬಿದ್ದು ಮಾವನನ್ನು ಒಪ್ಪಿಸುವ ಹೊತ್ತಿಗೆ ಮಾರಿಕುಪ್ಪಂನಿಂದ ಬಂಗಾರಪೇಟೆಗೆ ಹೊರಟ ರೈಲು ಕೂಗುತ್ತಾ ಹೋಗಿಯೇ ಬಿಟ್ಟಿತ್ತು. ಉಳಿದದ್ದು ಸೈಕಲ್ಲಿನ ಕ್ಯಾರಿಯರ್ ಒಂದೇ.

"ದಾರೀಲೆಲ್ಲೂ ಇಳೀಬ್ಯಾಡ ಮಾವ, ಓಡೋಗ್ತೀಯ," ಎಂದು ಕೋದಂಡಪ್ಪ ಆಣೆ ಹಾಕಿಸಿಕೊಂಡ. ಆ ಬುದ್ಧಿ ಯಾಕಾದರೂ ಬಂತೋ! ಏರು ಬಂದಾಗ, "ಒಸಿ ಇಳಿ ಮಾವ," ಎಂದು ಬೇಡಿಕೊಂಡರೆ, "ಆಣೆ ಅಂದ್ರೆ ಆಣೆ ಅಳಿಯಾ," ಎಂದು ಚಿಕ್ಕವೆಂಕಟಪ್ಪ ಮೂಟೆಯಂತೆ ಕೂತೇ ಇದ್ದ. ಕೋದಂಡಪ್ಪ ನಾಲಿಗೆ ಹೊರಗೆ ಹಾಕಿ ಅವನನ್ನು ತಳ್ಳಿಕೊಂಡೇ ಏರು ಹತ್ತಿದ.

ಬಂಗಾರಪೇಟೆ ಕೋರ್ಟಿನ ಮುಂದೆ ಸೈಕಲ್ ಬೀಳಿಸಿ ಒಳಗೆ ನುಗ್ಗುವುದಕ್ಕೂ ಜವಾನ "ಚಿಕ್ಕವೆಂಕಟಪ್ಪಾ!" ಎಂದು ಕೂಗುವುದಕ್ಕೂ ಸರಿಹೋಯಿತು.

"ಬಂದೌನೆ ಸ್ವಾಮಿ!" ಎಂದು ಕೋದಂಡಪ್ಪನೇ ಕಿರುಚಿದ.

ಆಗ ಕುತ್ತಿಗೆಗೆ ಕೈ ಕಟ್ಟಿಕೊಂಡಿದ್ದ ಪಟೇಲ ಎದ್ದು ನಿಂತ. "ಸ್ವಾಮಿ, ನಾನು ರಾಜಿ ಆಗ್ತೀನಿ. ಊರಾಗೆ ಮತ್ತೆ ನಾಟ್ಕ ಐತೆ. ಇವನಂಥ ಭೀಮ ಸುತ್ತಮುತ್ತ ಇಲ್ಲ."

ಕೋದಂಡಪ್ಪನಿಗೆ ಕಿವಿಯನ್ನೇ ನಂಬಲಾಗಲಿಲ್ಲ. "ರಾಜಿ ಅಂದ್ರೆ ಕೇಸು ಮುಗೀತು. ನಿನ್ನ ಜಾಮೀನೂ ಮುಗೀತು," ಎಂದು ಶ್ರೀರಾಮಪ್ಪ ಪಿಸುಗುಟ್ಟಿದಾಗ ಕುಣಿದು ಕುಪ್ಪಳಿಸುತ್ತಲೇ ಆಚೆ ಬಂದ.

ಆಚೆ ಪೊಲೀಸಿನವನೊಬ್ಬ ಸೈಕಲ್ ಹಿಡಿದು ನಿಂತಿದ್ದ.

"ಇದು ನಿಂದೇನಯ್ಯಾ? ಒಂದ್ ಸೈಕಲ್ ಮೇಲೆ ಇಬ್ಬಿಬ್ರು ಕೂರಂಗಿಲ್ಲ ಅಂತ ಕಾನೂನೈತೆ, ನಿಲ್ಸು ಅಂತ ಕೂಗಿದ್ರೂ ನಿಲ್ಲಿಸ್ಲಿಲ್ಲ. ನಡಿ ಸ್ಟೇಷನ್‌ಗೆ!"

"ಯಾರಾದ್ರೂ ಜಾಮೀನು ನಿಂತ್ರೆ ಬಿಡ್ತಾರೆ," ಎಂದು ಶ್ರೀರಾಮಪ್ಪ ಸಲಹೆ ಕೊಟ್ಟ, ತಾನು ಮಾತ್ರ ಎರಡು ಹೆಜ್ಜೆ ಹಿಂದೆ ಸರಿದ.

"ನಾನ್ ನಿಲ್ತೀನಿ!" ಎಂದು ಚಿಕ್ಕವೆಂಕಟಪ್ಪ ಎದೆ ತಟ್ಟಿಕೊಂಡ.

"ನಿನ್ನೆಸ್ರಲ್ಲಿ ಮನೆ, ಒಲ ಏನಾದ್ರೂ ಐತಾ?" ಎಂದ ಪೊಲೀಸಿನವನು. ಇರಲಿಲ್ಲ.

ಪಟೇಲ ಮುಂದೆ ಬಂದ. "ನಾನ್ ನಿಲ್ತೀನಪ್ಪಾ. ಆದ್ರೆ ನಂದೊಂದು ಮಾತು ನಡಸ್ಕೊಡ್ಬೇಕು."

"ಒಂದಲ್ಲ, ಅತ್ತು ನಡಸ್ತೀನಿ ಪಟೇಲ್ರೇ!" ಎಂದು ಕೋದಂಡಪ್ಪ ಕೈಮುಗಿದ.

"ಈ ಭುಜ ಇಟ್ಕೊಂಡು ನಾನಿನ್ನು ವೇಸ ಕಟ್ಟಾಕಾಗಲ್ಲ. ಈ ಸಲ ದುರ್ಯೋಧನ ನೀನೇ."

ಒಂದು ಕಡೆ ಸ್ಟೇಷನ್, ಇನ್ನೊಂದು ಕಡೆ ಮಾವನ ತೋಳು. ಕೋದಂಡಪ್ಪ ಎರಡನ್ನೂ ಮಿಕಮಿಕ ನೋಡಿದ.

ಚಿಕ್ಕವೆಂಕಟಪ್ಪ ಅಕ್ಕರೆಯಿಂದ ಅವನ ಬೆನ್ನು ಸವರಿದ. "ಭಯ ಬೀಳ್ಬ್ಯಾಡ ಅಳಿಯಾ. ಮೆಲ್ಲಗೇ ಒಡೀತೀನಿ."

ಪಟೇಲ ಕಟ್ಟಿದ ಕೈಯನ್ನು ಸರಿಮಾಡಿಕೊಳ್ಳುತ್ತಾ ನಿಟ್ಟುಸಿರಿಟ್ಟ. "ನಂಗೂ ಅಂಗೇ ಅಂದಿದ್ದ."