ಕಾಲಿನ ಸ್ವಂತ ಬುದ್ಧಿ

ಲೋಕಲ್ ರೈಲಿನಲ್ಲಿ ಮೂವರು ಕೂರುವ ಸೀಟಿನಲ್ಲಿ ನಾಲ್ಕನೆಯವನಾಗಿ ಕೂರುವುದನ್ನು ಕೂರುವುದು ಎನ್ನಲಾಗದು, ನಿಲ್ಲುವುದು ಎಂದೂ ಎನ್ನಲಾಗದು. ಅರ್ಧ ದೇಹ ಸೀಟಿನ ಅಂಚಿನ ಮೇಲೆ, ಇನ್ನರ್ಧ ದೇವರ ಮೇಲೆ ಭಾರ. ಆದರೂ ಮುಂಬಯಿಯಲ್ಲಿ ಅದಕ್ಕೂ ಪೈಪೋಟಿ ಇದೆ. ಆ ದಿನ ಡೊಂಬಿವಲಿಯಲ್ಲಿ “ಜರಾ ಸರಕೋ ಭಾಯ್” ಎಂದು ಅಂಗಲಾಚಿ ಆ ನಾಲ್ಕನೇ ಜಾಗ ಗಿಟ್ಟಿಸಿಕೊಂಡ ಅಣವೀರಪ್ಪ, ದಿನ ಚೆನ್ನಾಗಿ ಶುರುವಾಯಿತೆಂದೇ ತಿಳಿದ.

ದಿನ ಚೆನ್ನಾಗಿರಲೇಬೇಕಿತ್ತು. ವಿಕ್ರೋಳಿಯಲ್ಲಿ ನೀರಿನ ಪಂಪು ತಯಾರಿಸುವ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಅವನು ಸೇರಿದಾಗಿನಿಂದಲೂ ನಿಂತೇ ದುಡಿದವನು. ಮಾಲು ಕಳಿಸುವ ಕ್ಯಾಬಿನ್ನಿನ ಹಳೆಯ ಗುಮಾಸ್ತರು ನಿವೃತ್ತರಾಗಿ ಅಲ್ಲಿಯ ಕುರ್ಚಿ ಖಾಲಿಯಾಗಿತ್ತು. ಅದು ಕೈಯಿರುವ, ಮೆತ್ತೆಯಿರುವ, ಸುತ್ತಲೂ ತಿರುಗುವ ಕುರ್ಚಿ. ಅದು ಅಣವೀರಪ್ಪನಿಗೋ ಅಥವಾ ಕಂಪ್ಯೂಟರ್ ಬಲ್ಲ ಹುಡುಗ ಕಿಶೋರನಿಗೋ ಎಂಬುದನ್ನು ಮಾಲೀಕರಾದ ಸದಾನಂದ ಸಾಹೇಬರು ಇವತ್ತು ಹೇಳುವವರಿದ್ದರು. ಹೆಂಡತಿ ಮಹಾದೇವಿಯಂತೂ ವಿಜಯಪುರದ ನೆಂಟರಿಗೆಲ್ಲ ಫೋನು ಮಾಡಿ, “ನಮ್ಮವ್ರು ಇನ್ನ ಕುಂತ ಕೆಲಸಾ ಮಾಡ್ತಾರ” ಎಂದು ಸಾರಿಬಿಟ್ಟಿದ್ದಳು. ಇಸ್ತ್ರಿ ಕೆಡಬಾರದೆಂದು ಅವನು ದಾರಿಯುದ್ದಕ್ಕೂ ಒಂಚೂರೂ ಅಲುಗಾಡದೆ ಕೂತಿದ್ದ. ಸೀಟಿನ ಗಟ್ಟಿ ಅಂಚು ಎಡತೊಡೆಯ ಹಿಂಭಾಗವನ್ನು ಒತ್ತುತ್ತಲೇ ಇತ್ತು.

ವಿಕ್ರೋಳಿ ಬಂತು. ಅಣವೀರಪ್ಪ ಎದ್ದ. ಎಡಗಾಲು ಏಳಲಿಲ್ಲ.

ಇಳಿಯುವುದೇನೂ ಕಷ್ಟವಾಗಲಿಲ್ಲ, ಮುಂಬಯಿಯಲ್ಲಿ ರೈಲಿಂದ ಇಳಿಯಲು ಕಾಲು ಬೇಕಿಲ್ಲ, ಹಿಂದಿನವರು ಇಳಿಸುತ್ತಾರೆ. ಆದರೆ ಪ್ಲಾಟ್‌ಫಾರ್ಮಿನಲ್ಲಿ ಜನ ಚದುರಿದ ಕೂಡಲೇ ಅವನು ಆಸರೆ ತಪ್ಪಿ ಬೆಂಚಿನ ಮೇಲೆ ದೊಪ್ಪನೆ ಕುಸಿದ. ಅದೇ ರೈಲಿನಿಂದ ಇಳಿದ ಕಾರ್ಖಾನೆಯ ಕ್ಯಾಂಟೀನಿನ ಶೆಟ್ಟೆಪ್ಪ ಓಡಿಬಂದ. ಊರಿನ ಕಡೆಯವನೇ, ವಯಸ್ಸಿನಲ್ಲಿ ಹಿರಿಯ. ಯಾರಿಗೆ ಏನಾದರೂ ಅವರಿಗಿಂತ ಮೊದಲು ಇವನಿಗೇ ಗೊತ್ತಾಗುತ್ತಿತ್ತು.

“ಏನಾತೋ ಅಣವೀರಾ?”

“ಏನಿಲ್ಲ ಶೆಟ್ಟೆಪ್ಪಣ್ಣ, ಕಾಲಿಗೆ ಜೋಮ ಹಿಡದೈತಿ.”

“ಜೋಮ ಹಿಡದ್ರ ಚುಮುಚುಮು ಅಂತೈತಿ. ಅಂತೈತೇನು?”

“ಇಲ್ಲ. ಕಾಲು ಐತೋ ಇಲ್ಲೋ ಅನ್ನೂದಽ ಗೊತ್ತಾಗವಲ್ದು.”

ಶೆಟ್ಟೆಪ್ಪನ ಮುಖ ಗಂಭೀರವಾಯಿತು. “ಹಂಗಾರ ಇದು ಲಕ್ವಾನ. ನಮ್ಮ ಸ್ವಾದರಮಾವಗ ಹಿಂಗಽ ಆಗಿತ್ತು ನೋಡು.”

“ಆಮ್ಯಾಲ?”

“ಆಮ್ಯಾಲ ಏನು, ಫೋಟೋಕ್ಕ ಹಾರಾ ಹಾಕೇವಿ.”

ಹೀಗೆ ಧೈರ್ಯ ತುಂಬಿ, ಅವನನ್ನು ರಿಕ್ಷಾಕ್ಕೆ ತುಂಬಿ ಶೆಟ್ಟೆಪ್ಪ ಕಾರ್ಖಾನೆಗೆ ತಂದ. ಗೇಟಿನಲ್ಲೇ ಜನ ಸೇರಿದರು. ಒಬ್ಬ ಬೂಟು ಕಳಚಿ ಸಾಸಿವೆ ಎಣ್ಣೆ ತಿಕ್ಕಿದ. ಇನ್ನೊಬ್ಬ ಮೂಗಿಗೆ ಉಳ್ಳಾಗಡ್ಡಿ ಹಿಡಿದ. ಮತ್ತೊಬ್ಬ, ಸ್ಪರ್ಶ ಇದೆಯೋ ಇಲ್ಲವೋ ನೋಡುತ್ತೇನೆಂದು ಪ್ಯಾಕಿಂಗ್ ಸೂಜಿ ತಂದು ಚುಚ್ಚಿದ. ಅವಸರದಲ್ಲಿ ಚುಚ್ಚಿದ್ದು ಬಲಗಾಲಿಗೆ. ಅಣವೀರಪ್ಪ ಕಾರ್ಖಾನೆಯ ಭೋಂಗಾವನ್ನೂ ಮೀರಿಸಿ ಕಿರುಚಿದ.

“ಜೀವ ಐತಿ, ಜೀವ ಐತಿ!” ಎಂದು ಶೆಟ್ಟೆಪ್ಪ ಎಲ್ಲರಿಗೂ ಅಭಯ ಕೊಟ್ಟ.

ಪುಣ್ಯಕ್ಕೆ ಅಂದು ಕಂಪನಿಯ ಡಾಕ್ಟರು ಬರುವ ವಾರ. ಡಾಕ್ಟರ್ ನಮಿತಾ ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡ ಸ್ಟೇಷನ್ನಿಗೊಮ್ಮೆ ನಿಂತು ಹಿಂದಿ ಹತ್ತಿಸಿಕೊಳ್ಳುತ್ತಿತ್ತು. ಅಣವೀರಪ್ಪನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಅಂಗಾಲು ಕೆರೆದು, ಮಂಡಿ ತಟ್ಟಿ, ಬಾಯಿ ತೆಗೆಸಿ, ಕೈ ಎತ್ತಿಸಿ ನೋಡಿ ನಕ್ಕಳು.

“ಡರೋ ಮತ್ ಅಂಕಲ್. ಲಕ್ವಾ ಅಲ್ಲ. ನೋಡಿ, ಬ್ರೇನ್ ಅಂದ್ರೆ ಸಿಎಸ್‌ಎಂಟಿ ಸ್ಟೇಷನ್ನಿನ ಕಂಟ್ರೋಲ್ ರೂಮ್. ಬೆನ್ನಿನೊಳಗೆ ಸ್ಪೈನಲ್ ಕಾರ್ಡ್ ಇದೆಯಲ್ಲ, ಅದು ಮೇನ್ ಲೈನ್. ಅದರಿಂದ ಕೈಗೆ, ಕಾಲಿಗೆ, ಹೊಟ್ಟೆಗೆ, ಸಬ್ ಜಗಹ್ ನರಗಳ ಬ್ರಾಂಚ್ ಲೈನು. ಕಾಲಿನ ಲೈನು ಸಬ್ಸೆ ದಪ್ಪ, ಹೆಬ್ಬೆರಳಿನಷ್ಟು. ಅದರಲ್ಲಿ ಕಾಲಿನ ಸುದ್ದಿ ಮೇಲೆ ಹೋಗೋ ಟ್ರ್ಯಾಕ್ ಅಲಗ್, ಮೇಲಿನ ಆರ್ಡರು ಕೆಳಗೆ ಬರೋ ಟ್ರ್ಯಾಕ್ ಅಲಗ್.”

“ನಂದು ಯಾವ ಟ್ರ್ಯಾಕ್ ಹೋಗೇತ್ರಿ ಡಾಕ್ಟರ್ ಬಾಯಿ?”

“ನೀವು ಎರಡರ ಮೇಲೂ ಕೂತುಬಿಟ್ರಿ! ಸ್ವಲ್ಪ ಹೊತ್ತು ಆರಾಮ್ ಮಾಡಿ, ಗಾಡಿ ತಾನೇ ಚಾಲೂ ಆಗುತ್ತೆ.”

ಅಷ್ಟರಲ್ಲಿ ಯಾರದೋ ಕಣ್ಣಿಗೆ ಲೋಹದ ಪುಡಿ ಬಿತ್ತೆಂದು ಕರೆ ಬಂದು, ಅವಳು ಚೀಲ ಹಿಡಿದು ಆಚೆ ಶೆಡ್ಡಿಗೆ ಓಡಿದಳು. ಶೆಟ್ಟೆಪ್ಪ ಕೇಳಿಸಿಕೊಂಡದ್ದು ಲೈನಿನ ಸಂಗತಿಯಷ್ಟೇ, ಆರಾಮ ಆಗುವ ಮಾತು ಬರುವಷ್ಟರಲ್ಲಿ ಅವನು ಆಗಲೇ ಹೊರಗೆ ಸುದ್ದಿ ಹಂಚುತ್ತಿದ್ದ. ಕ್ಯಾಂಟೀನಿನಲ್ಲಿ ಒಂದು ಕಾಲು ಹೋಗಿತ್ತು. ಪ್ಯಾಕಿಂಗ್ ವಿಭಾಗ ತಲುಪುವಾಗ ಎರಡೂ ಹೋಗಿದ್ದವು. ಸಾಹೇಬರ ಕಿವಿ ಮುಟ್ಟುವಾಗ ಅಣವೀರಪ್ಪನಿಗೆ ಮಾತೂ ನಿಂತು, ಮನೆಯವರನ್ನು ಕರೆಸುವುದೊಂದೇ ಬಾಕಿ ಎಂಬಲ್ಲಿಗೆ ಬಂದಿತ್ತು.

ಸದಾನಂದ ಸಾಹೇಬರು ಕುಂದಾಪುರದ ಕಡೆಯವರು, ಹೃದಯ ಮೆತ್ತಗೆ. ಮೆಟ್ಟಿಲಿಳಿದು ಓಡಿಬಂದವರೇ ಗಾಲಿಕುರ್ಚಿಯ ಮುಂದೆ ನಿಂತು ಕನ್ನಡಕ ಒರೆಸಿಕೊಂಡರು.

“ಎಂತ ಆಯ್ತು ಮಾರಾಯ್ರೆ ಇದು! ಇಷ್ಟು ವರ್ಷ ನಿಮ್ಮನ್ನು ನಿಲ್ಲಿಸಿ ನಿಲ್ಲಿಸಿ ನಾನೇ ಕಾಲು ತೆಗೆದ ಹಾಗಾಯ್ತಲ್ಲ. ಎಲ್ಲರೂ ಕೇಳಿ, ಕ್ಯಾಬಿನ್ನಿನ ಕುರ್ಚಿ ಅಣವೀರಪ್ಪನಿಗೆ. ಇವತ್ತಿನಿಂದಲೇ!”

ಸರಿಯಾಗಿ ಆ ಗಳಿಗೆಯಲ್ಲೇ ಎಡಗಾಲಿನ ಹೆಬ್ಬೆರಳಲ್ಲಿ ಒಂದು ಇರುವೆ ನಡೆದಂತಾಯಿತು. ಅದರ ಹಿಂದೆ ಇಡೀ ಇರುವೆಗೂಡೇ ಹೊರಟಿತು. ಲೈನು ಚಾಲೂ ಆಗಿತ್ತು.

ಅಣವೀರಪ್ಪ ಆಗ ಎದ್ದು, “ಸಾಹೇಬ್ರ, ನಂಗೇನೂ ಆಗಿಲ್ರಿ” ಎನ್ನಬೇಕಿತ್ತು. ನಾನಾಗಿದ್ದರೆ ಎನ್ನುತ್ತಿದ್ದೆನೇ ಎಂದು ಕೇಳಬೇಡಿ. ಅವನ ಕಣ್ಣೆದುರು ಮೆತ್ತೆಯ ಕುರ್ಚಿ ಗರಗರ ತಿರುಗಿತು, ಮಹಾದೇವಿಯ ಹಿಗ್ಗಿದ ಮುಖವೂ ತಿರುಗಿತು. ಇವತ್ತೊಂದು ದಿನ ಸುಮ್ಮನಿದ್ದು, ನಾಳೆಯಿಂದ ಕಾಲನ್ನು ನಿಧಾನಕ್ಕೆ ಕಂತಿನಲ್ಲಿ ವಾಸಿ ಮಾಡಿಕೊಂಡರಾಯಿತು ಎಂದುಕೊಂಡ. “ತಮ್ಮ ಉಪಕಾರ ರೀ” ಎಂದು ಕ್ಷೀಣವಾಗಿ ನರಳಿದ.

“ಮಾತು ಬಂತು!” ಎಂದ ಶೆಟ್ಟೆಪ್ಪ.

ಗಾಲಿಕುರ್ಚಿಯನ್ನು ಕ್ಯಾಬಿನ್ನಿಗೆ ತಳ್ಳಿಕೊಂಡು ಹೋದವನು ಕಿಶೋರನೇ. “ಅಂಕಲ್, ಟೆನ್ಶನ್ ತಗೋಬೇಡಿ, ಕಂಪ್ಯೂಟರು ನಾನು ಹೇಳಿಕೊಡ್ತೇನೆ” ಎಂದ. ಆ ಒಳ್ಳೆಯ ಮಾತು ಅಣವೀರಪ್ಪನಿಗೆ ಪ್ಯಾಕಿಂಗ್ ಸೂಜಿಗಿಂತ ಜೋರಾಗಿ ಚುಚ್ಚಿತು. ಅತ್ತ ಕಾಲಿನಲ್ಲಿ ಇರುವೆಗಳು ತೊಡೆಯವರೆಗೆ ಏರಿ ಕುಣಿಯುತ್ತಿದ್ದವು. ಕಾಲು ಕೊಡವಬೇಕು, ಕೊಡವುವಂತಿಲ್ಲ. ತುರಿಸಬೇಕು, ತುರಿಸುವಂತಿಲ್ಲ. ಹಲ್ಲು ಕಚ್ಚಿ ಕೂತ ಅವನನ್ನು ಕಂಡು, “ಪಾಪ, ಎಷ್ಟು ಸಂಕಟ” ಎಂದು ಸಾಹೇಬರು ಮತ್ತೊಮ್ಮೆ ಕನ್ನಡಕ ಒರೆಸಿಕೊಂಡರು.

ಆಗ ಶೆಟ್ಟೆಪ್ಪ ಬಂದ. ಹೊಸ ಹುದ್ದೆಯ ಖುಷಿಗೆಂದು ತುದಿಯವರೆಗೆ ತುಂಬಿದ ಚಹಾದ ಕೆಟ್ಲಿ ತಂದಿದ್ದ. ಜನರ ನಡುವೆ ತೂರಿ ಬರುವಾಗ ಅವನ ಕಾಲು ಗಾಲಿಕುರ್ಚಿಯ ಚಕ್ರಕ್ಕೆ ತಾಗಿತು. ಕುದಿಯುವ ಚಹಾ ನೇರವಾಗಿ ಅಣವೀರಪ್ಪನ ಎಣ್ಣೆ ಹಚ್ಚಿದ, ಬೂಟಿಲ್ಲದ ಎಡಗಾಲಿನ ಮೇಲೆ ಸುರಿಯಿತು.

ಮನುಷ್ಯನ ಶರೀರದಲ್ಲಿ ಒಂದು ಏರ್ಪಾಡಿದೆ. ಬಿಸಿ ತಗುಲಿದ ಸುದ್ದಿ ಬೆನ್ನುಹುರಿಗೆ ಬಂದರೆ, ಅದು ಮೆದುಳಿನ ಅಪ್ಪಣೆಗೆ ಕಾಯುವುದಿಲ್ಲ. ಕಾಲೆಳೆದುಕೊಳ್ಳಲು ತಾನೇ ಹುಕುಂ ಹೊರಡಿಸಿ, ಮೇಲಿನವರಿಗೆ ಆಮೇಲೆ ತಿಳಿಸುತ್ತದೆ. ಸಾಹೇಬರು ಎದುರಿಗಿದ್ದಾರೆ, ಕಾಲು ಅಲ್ಲಾಡಿಸಬಾರದು ಎಂಬ ವಿವೇಕ ಇದ್ದದ್ದು ಅಣವೀರಪ್ಪನ ಮೆದುಳಿನಲ್ಲಿ. ಅದನ್ನು ಯಾರೂ ಕೇಳಲೇ ಇಲ್ಲ. ಎಡಗಾಲು ಮಂಡಿ ಮಡಿಸಿಕೊಂಡು ಎದೆಯ ಎತ್ತರಕ್ಕೆ ನೆಗೆಯಿತು. ಬಲಗಾಲು ಸೆಟೆದು ಅವನನ್ನು ಎಬ್ಬಿಸಿ ನಿಲ್ಲಿಸಿತು. ಮೆದುಳಿಗೆ ಉರಿ ತಿಳಿಯುವ ಹೊತ್ತಿಗೆ ಅವನು “ಯವ್ವಾ!” ಎಂದು ಕೂಗುತ್ತ ಕ್ಯಾಬಿನ್ ದಾಟಿ, ರಾಶಿ ಹಾಕಿದ್ದ ಪೆಟ್ಟಿಗೆಗಳನ್ನು ಹಾರಿ, ಶೆಡ್ಡಿನ ಆ ತುದಿಯ ನಲ್ಲಿಯ ಕೆಳಗೆ ಕಾಲಿಟ್ಟು ನಿಂತಿದ್ದ.

ಕೆಲಸ ಹೋಯಿತು, ಮಾನವೂ ಹೋಯಿತು ಎಂದು ಅಣವೀರಪ್ಪ ಕಣ್ಣುಮುಚ್ಚಿ ನಿಂತ.

“ಲಕ್ವಾ ಹೋತು!” ಎಂದು ಶೆಟ್ಟೆಪ್ಪ ಖಾಲಿ ಕೆಟ್ಲಿ ಎತ್ತಿ ಹಿಡಿದು ಕೂಗಿದ. “ನನ್ನ ಚಹಾಕ್ಕ ಹೋತು!”

ಜನ ಚಪ್ಪಾಳೆ ತಟ್ಟಿದರು. ಮಂಡಿನೋವಿನ ಇಬ್ಬರು ಆಗಲೇ ಬೂಟು ಬಿಚ್ಚತೊಡಗಿದ್ದರು. ಸಾಹೇಬರು ಓಡಿಬಂದು ಅಣವೀರಪ್ಪನನ್ನು ತಬ್ಬಿಕೊಂಡರು. ಅವರಿಗೆ ಒಂದಿಷ್ಟೂ ಅನುಮಾನ ಬಂದಿರಲಿಲ್ಲ. ಅಣವೀರಪ್ಪ ಮೆಲ್ಲಗೆ ಉಸಿರು ಬಿಟ್ಟ.

“ದೇವರು ದೊಡ್ಡವನು ಮಾರಾಯ್ರೆ! ಈಗ ನಿಜ ಹೇಳ್ತೇನೆ. ಆ ಕುರ್ಚಿ ನಿಮಗೇ ಅಂತ ನಾನು ನಿನ್ನೆಯೇ ನಿಶ್ಚಯ ಮಾಡಿ ಆಗಿತ್ತು. ವಯಸ್ಸಾಯ್ತು, ಪಾಪ ಸೋತಿದ್ದಾರೆ, ಇನ್ನು ಓಡಾಡಲಿಕ್ಕೆ ಎಡಿಯುವುದಿಲ್ಲ ಅಂತ ಗ್ರಹಿಸಿದ್ದೆ. ಎಂತಹ ತಪ್ಪು!” ಎಂದು ಅವರು ಅವನು ಹಾರಿ ದಾಟಿದ ಪೆಟ್ಟಿಗೆಗಳ ಕಡೆ ಮೆಚ್ಚುಗೆಯಿಂದ ನೋಡಿದರು. “ಇಂತಹ ಕಾಲನ್ನು ಕುರ್ಚಿಯಲ್ಲಿ ಕೂರಿಸಿದ್ರೆ ಪಾಪ ಬರ್ತದೆ. ಕುರ್ಚಿ ಕಿಶೋರನಿಗೆ ಇರಲಿ. ಪವಾಯಿಯಿಂದ ವಿಲೆ ಪಾರ್ಲೆಯವರೆಗೆ ಗಿರಾಕಿಗಳ ಹತ್ರ ತಿರುಗಲಿಕ್ಕೆ ಚುರುಕಿನ ಜನ ಸಿಗದೆ ನಾನು ಒದ್ದಾಡುತ್ತಿದ್ದೆ. ನಾಳೆಯಿಂದ ನೀವೇ! ಆಗ್ತದಲ್ಲ?”

ಅಣವೀರಪ್ಪ ಬಾಯಿ ತೆರೆದ. ಕಾಲು ಸರಿಯಿಲ್ಲ ಎಂದರೆ ಕಣ್ಣಾರೆ ಕಂಡ ಇಷ್ಟು ಜನ ನಂಬುವುದಿಲ್ಲ. ಸಾಹೇಬರು ಬಂದಾಗಲೇ ಸರಿಯಾಗಿತ್ತು ಎಂದರೆ ಇದ್ದ ಕೆಲಸವೂ ಉಳಿಯುವುದಿಲ್ಲ. ಉರಿಯುವ ಕಾಲನ್ನು ನೀರಿಂದ ಈಚೆ ತೆಗೆದು, ಎರಡೂ ಪಾದ ನೆಲಕ್ಕೂರಿ, “ಆತ್ರಿ ಸಾಹೇಬ್ರ” ಎಂದ.