ಶೇಖವ್ವನವರ ದನಿ ಮತ್ತು ಚಹಾದ ಷರತ್ತಿನ ಕುರಿತು

ಮಾನ್ಯ ವಿಂಗಡಣಾ ಸಮಿತಿಯವರೇ,

ಸ್ವಯಂಸೇವಕರೆಲ್ಲ ಕೂಡಿ ಕಟ್ಟಿದ ‘ಹಗೇವು’ ತಂತ್ರಾಂಶ ಭಂಡಾರವನ್ನು ಸಂಬಳವಿಲ್ಲದೆ, ರಜೆಯೂ ಇಲ್ಲದೆ ಕಾಯುತ್ತಿರುವ ತಮಗೆ, ಅದೇ ಭಂಡಾರದ ಕಿರಿಯ ಸ್ವಯಂಸೇವಕನೂ ಬೆಟಗೇರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನೂ ಆದ ಪುಂಡಲೀಕಪ್ಪನ ಶರಣು ಶರಣಾರ್ಥಿ.

ತಾವು ಭಂಡಾರವನ್ನು ಎರಡು ಕಪಾಟು ಮಾಡಿ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ್ದನ್ನು ‘ಮುಕ್ತ’ದಲ್ಲೂ, ಬಾಲಕ್ಕೆ ಷರತ್ತು ಕಟ್ಟಿಕೊಂಡು ಬಂದದ್ದನ್ನು ‘ಅಮುಕ್ತ’ದಲ್ಲೂ ಇಟ್ಟದ್ದು ನನಗೆ ಬಹಳ ಸೇರಿತು. ದೊಡ್ಡ ಕಂಪನಿಗಳ ಸರಕು ಎರಡನೇ ಕಪಾಟಿಗೆ ಹೋದಾಗ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಅದೇ ವಾರ ಅವುಗಳ ಬೆನ್ನಿಗೆ ಶೇಖವ್ವನವರ ದನಿಯೂ ಹೋಯಿತು.

ಶೇಖವ್ವ ಶಿರಹಟ್ಟಿಯ ನಿವೃತ್ತ ಶಿಕ್ಷಕಿ. ಕಣ್ಣು ಕಾಣದವರಿಗೆ ಕಂಪ್ಯೂಟರು ಕನ್ನಡ ಓದಿ ಹೇಳಲೆಂದು ಮೂರು ತಿಂಗಳು ಕೂತು ತಮ್ಮ ದನಿ ಕೊಟ್ಟವರು. ಪರವಾನಗಿ ಪತ್ರ ಬರೆದವನು ನಾನೇ. ಮತ್ತೇನಾದರೂ ಸೇರಿಸಬೇಕೇ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದನ್ನು, ಕಾಗದಕ್ಕೆ ಒಪ್ಪುವ ಭಾಷೆಯಲ್ಲಿ ಇಳಿಸಿದೆ: ‘ಈ ದನಿ ಬಳಸುವವರು ಒಮ್ಮೆಯಾದರೂ ಮನೆಗೆ ಬಂದು ಚಹಾ ಕುಡಿದು ಹೋಗತಕ್ಕದ್ದು.’ ನಮ್ಮ ಕಡೆ ಒಂದು ಸೇರು ಜೋಳ ಕೊಟ್ಟರೂ ಈ ಮಾತು ಜೊತೆಗೇ ಹೋಗುತ್ತದೆ, ಯಾರೂ ಅದನ್ನು ಷರತ್ತು ಎನ್ನುವುದಿಲ್ಲ. ತಾವು ಮೂರು ಸಭೆ ನಡೆಸಿ, ಅದು ಷರತ್ತೇ ಎಂದಿರಿ. ಪರದೇಶದ ಬಳಕೆದಾರ ಶಿರಹಟ್ಟಿಗೆ ಬರಲಾರ, ಚಹಾ ಕುಡಿಯದವನಿಗೆ ಇದು ಭೇದಭಾವ ಎಂಬ ತಮ್ಮ ಹನ್ನೊಂದು ಪುಟದ ತೀರ್ಪನ್ನು ಎರಡು ಸಲ ಓದಿದೆ. ಅದರಲ್ಲಿ ಒಂದು ತಪ್ಪೂ ಸಿಗಲಿಲ್ಲ. ನನಗೆ ಸಿಟ್ಟು ಬಂದಿರುವುದು ಅದಕ್ಕೇ.

ಲಕ್ಷ್ಮೇಶ್ವರದ ಅಫ್ರೀನಳಿಗೆ ಕಣ್ಣಿಲ್ಲ. ಅಲ್ಲಿಯ ಓದುವ ಮನೆಯ ಕಂಪ್ಯೂಟರಿನಲ್ಲಿ ಶೇಖವ್ವನವರ ದನಿ ಕೇಳುತ್ತ ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದಳು. ಭಂಡಾರದ ಹೊಸ ಆವೃತ್ತಿ ಹಾಕಿದೊಡನೆ ಆ ಕಂಪ್ಯೂಟರು ಮೂಕವಾಯಿತು. ಎರಡನೇ ಕಪಾಟಿನ ಯಾವುದನ್ನೂ ಹಾಕಕೂಡದೆಂಬುದು ಆ ಓದುವ ಮನೆಯ ನಿಯಮ. ಅದನ್ನು ಉತ್ಸಾಹದಿಂದ ಬರೆದುಕೊಟ್ಟವನೂ ನಾನೇ.

ಕೊನೆಗೆ ಅಫ್ರೀನಳನ್ನು ಕರೆದುಕೊಂಡು ಶಿರಹಟ್ಟಿಗೆ ಹೋಗಿ, ಆ ಸಾಲು ತೆಗೆಯಲು ಒಪ್ಪಿಗೆ ಕೇಳಿದೆ. ಶೇಖವ್ವ ಮೊದಲು ಚಹಾಕ್ಕಿಟ್ಟರು. ಅವರು ಮಾತಾಡಿದೊಡನೆ ಅಫ್ರೀನ, ಇದು ನನ್ನ ಪುಸ್ತಕದ ದನಿ ಎಂದು ಅವರ ಕೈ ಹಿಡಿದುಕೊಂಡಳು. ಕಪ್ಪು ಖಾಲಿಯಾದ ಮೇಲೆ ಶೇಖವ್ವ ಅಂದರು: “ಬರಬೇಕಾದಾಕಿ ಬಂದ್ಲು, ಕುಡದ್ಲು. ಇನ್ನ ಆ ಸಾಲು ಹೊಡದು ಹಾಕಪಾ. ಆದರ ಬರಬ್ಯಾಡ್ರಿ ಅಂತ ಮಾತ್ರ ಬರೀಬ್ಯಾಡ.”

ತಿದ್ದಿದ ಪತ್ರವನ್ನು ಲಗತ್ತಿಸಿದ್ದೇನೆ. ದನಿಯನ್ನು ದಯಮಾಡಿ ಮೊದಲನೇ ಕಪಾಟಿಗೆ ಮರಳಿಸಬೇಕು. ಹಾಗೆಯೇ, ‘ಊಟಕ್ಕೇಳಿ’, ‘ಸಾವಕಾಶ ಹೋಗಿಬನ್ನಿ’ ಮುಂತಾಗಿ ನಮ್ಮ ಬಾಯಿಂದ ತಡೆಯಲಾಗದೆ ಬೀಳುವ ಷರತ್ತುಗಳಿಗಾಗಿ ಮೂರನೇ ಕಪಾಟೊಂದನ್ನು ಮಾಡಿಸಿಕೊಡಬೇಕಾಗಿ ವಿನಂತಿ.

ಎರಡನೇ ಕಪಾಟಿನಿಂದ, ತಮ್ಮ ವಿಶ್ವಾಸಿ,
ಪುಂಡಲೀಕಪ್ಪ, ಬೆಟಗೇರಿ

ತಾ.ಕ.: ಪರೀಕ್ಷೆ ಹನ್ನೆರಡನೇ ತಾರೀಖಿಗೆ ಇದೆ, ತಮ್ಮ ಮುಂದಿನ ಸಭೆ ಹದಿನಾಲ್ಕಕ್ಕೆ. ಆದ್ದರಿಂದ ಅಫ್ರೀನ ದಿನಾ ಬಸ್ಸು ಹಿಡಿದು ಶಿರಹಟ್ಟಿಗೆ ಹೋಗುತ್ತಿದ್ದಾಳೆ, ಶೇಖವ್ವ ತಾವೇ ಕೂತು ಪಾಠ ಓದಿ ಹೇಳುತ್ತಿದ್ದಾರೆ. ಪಾಠಕ್ಕೊಂದು ಕಪ್ಪು ಚಹಾ ಕಡ್ಡಾಯ. ಶೇಖವ್ವನವರನ್ನು ಯಾವ ಕಪಾಟಿನಲ್ಲಿ ಇಡಬೇಕೆಂದು ತಾವೇ ತೀರ್ಮಾನಿಸಿ ತಿಳಿಸಬೇಕು.