ಹರಿಗೋಲಿನಲ್ಲಿ ನನಗೊಂದು ಜಾಗ

ಭಾನುವಾರ, ಬೆಳಗಿನ ಎಂಟು ಗಂಟೆ. ಹೊಸಪೇಟೆಯ ನಮ್ಮ ಪಡಸಾಲೆಯಲ್ಲಿ ಹಾಜರಿದ್ದವರು ನಾನು, ಹೆಂಡತಿ ಶಾಂತಮ್ಮ, ಮೊಮ್ಮಗಳು ಪಲ್ಲವಿ. ಸಂಡೂರಿನ ಗಣಿಯೊಂದರ ಗೇಟಿನಲ್ಲಿ ಕೆಲಸಗಾರರ ಹಾಜರಿ ಹಾಕುತ್ತಲೇ ತಲೆ ಬೋಳಾದವನು ನಾನು. ಇಂದಿಗೂ ಮದುವೆಗೆ ಹೋದರೆ ಹೋಳಿಗೆಗಿಂತ ಮೊದಲು ಪಂಕ್ತಿಯಲ್ಲಿ ಯಾರು ಬಂದಿಲ್ಲ ಎಂದು ನೋಡುತ್ತೇನೆ.

ಎಂಜಿನಿಯರಿಂಗ್ ಓದುವ ಪಲ್ಲವಿ ಸ್ಪರ್ಧೆಯೊಂದಕ್ಕೆ ಮೊಬೈಲ್ ಆಟ ಮಾಡಿದ್ದಳು. ಸಂಜೆ ಆರರೊಳಗೆ ಕಳಿಸಬೇಕಿತ್ತು. "ತಾತ, ಆಡಿ ನೋಡು. ತಪ್ಪಿದ್ರ ಹೇಳು" ಎಂದಳು. ತಪ್ಪು ಹುಡುಕಲು ನನಗೆ ಆಹ್ವಾನ ಬೇಕೆ! ಹಂಪಿಯ ಬಂಡೆಗಳ ಮೇಲೆ ಜಿಗಿಯುತ್ತಾ ಕಳ್ಳರಿಂದ ತಪ್ಪಿಸಿಕೊಂಡು ಹರಿಗೋಲಿನಲ್ಲಿ ಹೊಳೆ ದಾಟುವ ಆಟ. ಮೊದಲು ನಮಗೊಂದು ಗೊಂಬೆ ಆರಿಸಿಕೊಳ್ಳಬೇಕು. ನಾಲ್ಕು ಗೊಂಬೆಗಳೂ ಹಾಲಿನ ಕೆನೆಯಂತೆ ಬೆಳ್ಳಗಿದ್ದವು. ಒಂದನ್ನು ಓಡಿಸಿದೆ. ಬಂಡೆಯ ಹಿಂದಿನಿಂದ ಕಳ್ಳರು ಬಂದರು. ಎಲ್ಲರೂ ನನ್ನಂತೆ ಕಪ್ಪು ಬಣ್ಣದವರೇ, ಒಬ್ಬನದಂತೂ ನಮ್ಮ ಮನೆತನದ ಮೂಗು. "ನಮ್ಮ ಮಂದಿ ಎಲ್ಲಾ ಕಳ್ಳರ ಕಡೀಗೆ ಹೋಗ್ಯಾರಲ್ಲವ್ವಾ!" ಎಂದೆ. ಶಾಂತಮ್ಮ ಇಣುಕಿ ನೋಡಿ, "ಹಂಪಿ ಬಿಸಿಲಾಗ ಇಷ್ಟು ಬೆಳ್ಳಗ ಉಳದಾರಂದ್ರ ಕೊಡೆ ಹಿಡ್ಕೊಂಡ ಓಡ್ಯಾರ ಬಿಡ್ರಿ" ಎಂದಳು.

ಪಲ್ಲವಿಯ ಮುಖ ಸಣ್ಣದಾಯಿತು. ಗೊಂಬೆಗಳನ್ನು ಇಂಟರ್‌ನೆಟ್‌ನಿಂದ ಸಿದ್ಧರೂಪದಲ್ಲೇ ತಂದಿದ್ದಳಂತೆ. "ಎಲ್ಲಾ ಬಣ್ಣದೋರ್ನೂ ಹಾಕ್ಲೇಬೇಕಂತ ಕಾಯ್ದೆ ಐತೇನು ತಾತ?" ಕಾಯ್ದೆ ಇಲ್ಲ. ಆದರೆ ಪಾಳಿ ಬಿಟ್ಟಾಗ ನಮ್ಮ ಗಣಿಯಲ್ಲಿ ಎಲ್ಲರೂ ಅದಿರಿನ ಧೂಳಿನಿಂದ ಒಂದೇ ಕೆಂಪು; ನಲ್ಲಿಯಲ್ಲಿ ಮುಖ ತೊಳೆದರೆ ಪಕ್ಕದೂರು ಬಂಡ್ರಿಯವನದು ಒಂದು ಬಣ್ಣ, ಒಡಿಶಾದವನದು ಇನ್ನೊಂದು. ಹಾಜರಿ ಮಾತ್ರ ಎಲ್ಲರಿಗೂ ಒಂದೇ. ಆಡುವವರು ತಮ್ಮ ಸಮಯ ಕೊಡುತ್ತಾರೆ. ಆಡಿಸುವವರು ಅವರಿಗೆ ಅವರದೇ ಒಂದು ಮುಖ ಕೊಡುವುದು ಮರ್ಯಾದೆ. ಹೀಗೆಂದು ಭಾಷಣ ಮಾಡಿದೆ.

"ಈಗ ತಿದ್ದಿದ್ರ ಲೇಟಾಗಿ ಸ್ಪರ್ಧೆಯವ್ರು ಆಟಾನ ತಗೊಳ್ಳಂಗಿಲ್ಲ ತಾತ." ತಡವಾಗಿ ಬಂದವರನ್ನು ಗೇಟಿನಿಂದ ವಾಪಸು ಕಳಿಸಿದ ನಾನು ಈಗ ಮೊಮ್ಮಗಳನ್ನೇ ತಡ ಮಾಡಿಸುತ್ತಿದ್ದೆ. "ಹಂಗಾದ್ರ ಬ್ಯಾಡ ಬಿಡು" ಎಂದೆ. ಅವಳು ಒಮ್ಮೆ ಪರದೆಯನ್ನು, ಒಮ್ಮೆ ತನ್ನ ಕಪ್ಪು ಮುಂಗೈಯನ್ನು ನೋಡಿಕೊಂಡಳು. ಆಮೇಲೆ, "ಕುಂದ್ರು ತಾತ, ಅಲುಗಾಡಬ್ಯಾಡ" ಎಂದು ಲ್ಯಾಪ್‌ಟಾಪ್ ತೆರೆದಳು. ನನ್ನ ಮಧ್ಯಾಹ್ನದ ನಿದ್ದೆ ಮೊದಲ ಬಾರಿಗೆ ರದ್ದಾಯಿತು. ಶಾಂತಮ್ಮ ರೊಟ್ಟಿ ಸುತ್ತಿ ಅವಳ ಬಾಯಿಗಿಡುತ್ತಿದ್ದಳು.

ಆರಕ್ಕೆ ತುಸು ಮೊದಲು ಆಟ ಸ್ಪರ್ಧೆಗೆ ಹೋಯಿತು. ಪಲ್ಲವಿ ತೋರಿಸಿದಳು: ದಡದಲ್ಲಿ ನಾಲ್ವರು, ನಾಲ್ಕು ಬಣ್ಣ. ಹರಿಗೋಲಿನ ಹುಟ್ಟು ಹಿಡಿದವಳು ಅವಳಂತೆಯೇ ಇದ್ದಳು. ಕಳ್ಳರಲ್ಲೂ ಈಗ ಒಬ್ಬ ಕೆನೆ ಬಣ್ಣದವನು. ದಡದ ಆ ನಾಲ್ವರಲ್ಲಿ ಒಬ್ಬ ನಾನು! ಈ ವಯಸ್ಸಿನಲ್ಲಿ ನನ್ನನ್ನು ಇಷ್ಟು ಹೊತ್ತು ನೋಡಿ ಚಿತ್ರ ಬರೆದವರು ಯಾರಿದ್ದಾರೆ? ಕಣ್ಣು ತುಂಬಿತು. ಒರೆಸಿಕೊಂಡು ನೋಡಿದರೆ ನನ್ನ ತಲೆ ಬಂಡೆಗಳಿಗಿಂತ ಹೆಚ್ಚು ಹೊಳೆಯುತ್ತಿತ್ತು. "ಲೇ, ನಾಕು ಕೂದಲಾದ್ರೂ..." "ಇದ್ದಂಗ ತೋರಿಸ್ಬೇಕಂದಾಂವ ನೀನ ಅಲ್ಲೇನು ತಾತ?"

ಊಟಕ್ಕೆ ಮೊದಲು ಮನೆಯ ಗೇಟಿಗೆ ಬೀಗ ಹಾಕಿ ಬಂದು, ನನ್ನನ್ನೇ ಆರಿಸಿಕೊಂಡು ಹರಿಗೋಲನ್ನು ಆಚೆ ದಡ ಮುಟ್ಟಿಸಿದೆ. ರೂಢಿಯಂತೆ ಹಾಜರಿ ತೆಗೆದುಕೊಂಡೆ. ಎಲ್ಲರೂ ಬಂದಿದ್ದರು, ನನ್ನ ಕೂದಲು ಮಾತ್ರ ಗೈರು.